ಬೆಳಂಬಾರದ ಮರಳಿನ ಮೇಲೆ ಬಿದ್ದ ಹೂಂ

ಫೋನಿನಲ್ಲಿ ಮೋಸ ಮಾಡುವವರ ಪೈಕಿ ನನ್ನನ್ನು ಮಾತಿನಲ್ಲಿ ಸೋಲಿಸುವವನು ಇನ್ನೂ ಹುಟ್ಟಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಶಿರವಾಡದಿಂದ ಅಂಕೋಲೆಯವರೆಗೆ ಯಾರನ್ನು ಬೇಕಾದರೂ ಕೇಳಿ, ಮೀನಿನ ಟೆಂಪೊ ರಾಮನಾಥ ಎಂದರೆ ಸಾಕು. ಲಾಟರಿ ಹೊಡೆದಿದೆ ಎಂದು ಫೋನ್ ಮಾಡಿದ ಒಬ್ಬನಿಗೆ ನನ್ನ ಟೆಂಪೊದ ಕಷ್ಟವನ್ನು ಎಂಥ ಸ್ವರದಲ್ಲಿ ಹೇಳಿದೆನೆಂದರೆ ಅವನು ಅತ್ತು, ಡೀಸೆಲಿಗೆ ಎಷ್ಟು ಕಳಿಸಲಿ ಎಂದು ಕೇಳಿದ. ಬ್ಯಾಂಕ್ ಮ್ಯಾನೇಜರು ಎಂದು ಹೇಳಿಕೊಂಡು ಬಂದವನು ಕೊನೆಗೆ ನನ್ನ ಹತ್ತಿರ ಕೆಲಸ ಕೇಳಿದ. ಕಾರಿನ ವಾರಂಟಿ ಮುಗಿಯಿತು ಎಂದು ಹೆದರಿಸಲು ಬಂದವನಿಗೆ, "ತಮ್ಮಾ, ಕಾರು ಅಣಶಿ ಘಾಟಿಯಲ್ಲಿ ಕೆಳಗೆ ಬಿದ್ದದೆ, ನೀನೇ ಇಳ್ದು ಎತ್ಕಂಡು ಹೋಗು" ಎಂದೆ. ಆಮೇಲೆ ಆ ನಂಬರು ಭೂಮಿಯ ಮೇಲಿಂದಲೇ ಅಳಿಸಿಹೋಯಿತು. ನನ್ನ ಹತ್ತಿರ ಕಾರೇ ಇಲ್ಲ ಎನ್ನುವುದು ಬೇರೆ ಮಾತು.

ಇಂಥ ನನ್ನ ಕಣ್ಣೆದುರಿಗೇ ಪುಂಡಲೀಕಣ್ಣ ಸಿಕ್ಕಿಬಿದ್ದ. ತಪ್ಪಿಸಲಿಕ್ಕೆ ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಪೂರ್ತಿ ಕೇಳಿ, ಆಮೇಲೆ ಕೇಳಿ.

ಪುಂಡಲೀಕಣ್ಣ ಬೆಳಂಬಾರದ ದಂಡೆಯಲ್ಲಿ ಲಿಲಾವು, ಅಂದರೆ ಹರಾಜು, ಕೂಗುವವನು. ಬೆಳಿಗ್ಗೆ ದೋಣಿಗಳು ಬಂದು ಮೂತಿ ಮರಳಿಗೆ ತಾಗಿಸಿದ ಕೂಡಲೇ ಮೀನಿನ ಬುಟ್ಟಿಗಳು ಸಾಲಾಗಿ ಇಳಿಯುತ್ತವೆ. ಇವನು ಮಗುಚಿಟ್ಟ ಕ್ರೇಟಿನ ಮೇಲೆ ನಿಂತು ದರ ಕೂಗುತ್ತಾನೆ. ಅವನು ಕೂಗಿದರೆ ಅತ್ತ ಕಾರವಾರದ ದೇವಗಡ ದ್ವೀಪದ ದೀಪಸ್ತಂಭದಲ್ಲಿ ಮಲಗಿದವನು ಎದ್ದು ಚಹಾಕ್ಕೆ ನೀರಿಡುತ್ತಾನೆ. ಸುತ್ತ ನಿಂತ ಮೀನು ಮಾರುವ ಹೆಂಗಸರು, ನನ್ನಂಥ ಟೆಂಪೊದವರು ದರ ಏರಿಸುತ್ತಾರೆ. ಕೊನೆಗೆ ಹೂಂ ಎಂದವರ ಕಡೆ ಬೆರಳು ತೋರಿಸಿ, ಒಂದು ಸಲ, ಎರಡು ಸಲ, ಮೂರು ಸಲ ಹೇಳಿ, "ಹೂಂ ಬಿತ್ತು" ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಕಾಗದವಿಲ್ಲ, ಸಹಿಯಿಲ್ಲ. ಹೂಂ ಬಿದ್ದ ಮೇಲೆ ದೋಣಿಯವನು ಒಂದು ರೂಪಾಯಿ ಹೆಚ್ಚು ಕೇಳುವ ಹಾಗಿಲ್ಲ, ಕೊಂಡವರು ಒಂದು ರೂಪಾಯಿ ಕಡಿಮೆ ಕೊಡುವ ಹಾಗಿಲ್ಲ. ನಮ್ಮ ಅಜ್ಜಂದಿರ ಕಾಲದಿಂದ ಹೀಗೇ. ಹೂಂ ಎಂದು ಹಿಂದೆ ಸರಿದವನಿಗೆ ಆ ದಂಡೆಯಲ್ಲಿ ಮರುದಿನ ಯಾರೂ ಮೀನು ಮಾರುವುದಿಲ್ಲ, ಮಾತನ್ನೂ ಆಡುವುದಿಲ್ಲ.

ಈ ಪದ್ಧತಿಗೆ ಪುಂಡಲೀಕಣ್ಣ ಕಾವಲುಗಾರ. ಕಾವಲುಗಾರ ಎಂದರೆ ಕಡಿಮೆಯಾಯಿತು, ನಾಯಿ ಎನ್ನಬೇಕು, ಕಚ್ಚುವ ಜಾತಿಯದು. ಕಳೆದ ವರ್ಷ ಮೀನು ಮಾರುವ ವೈಜಯಂತಿ ತಾರ್ಲೆ ಮೀನಿನ ಒಂದು ಬುಟ್ಟಿಗೆ ಹೂಂ ಎಂದಳು. ಮೇಲಿನ ಎರಡು ಬೆರಳಿನಷ್ಟು ಮೀನು ಬೆಳ್ಳಿಯ ಹಾಗಿತ್ತು. ಕೈ ಇಳಿಸಿದರೆ ಕೆಳಗೆಲ್ಲ ಗಂಜಿ. "ಅಣ್ಣಾ, ಒಂದ್ಸಲ ಮೂಸಿ ನೋಡು" ಎಂದಳು. ಇವನು ಮೂಸಲಿಲ್ಲ. "ಹೂಂ ಬಿತ್ತು" ಎಂದ, ಅಷ್ಟೇ. ಅವಳು ದುಡ್ಡು ಕೊಟ್ಟಳು, ಬುಟ್ಟಿ ಹೊತ್ತಳು, ಅಂಕೋಲೆಯ ಮಾರ್ಕೆಟಿಗೆ ಹೋದಳು. ಅಲ್ಲಿಯ ನಾಯಿಗಳು ಸಭೆ ಸೇರಿ ನಮಗೂ ಬೇಡ ಎಂದವು. ಕಾಯಂ ಗಿರಾಕಿಗಳೆಲ್ಲ ಪಕ್ಕದವಳ ಕಡೆ ಹೋದರು. ದಂಡೆಯ ಮೇಲೆ ಎಲ್ಲರೂ ನಕ್ಕರು. ಎಲ್ಲರಿಗಿಂತ ದೊಡ್ಡದಾಗಿ ನಕ್ಕವನು ನಾನು. ಯಾವ ಕೆಲಸವನ್ನೂ ನಾನು ಅರ್ಧ ಮಾಡುವುದಿಲ್ಲ.

ಇಂಥವನು ಒಂದು ಕಾರು ಕೊಂಡ. ಮಾಜಾಳಿಯ ಒಬ್ಬನಿಂದ, ಸೆಕೆಂಡ್ ಹ್ಯಾಂಡು, ಬಿಳಿ ಬಣ್ಣ. ಲಿಲಾವು ಕೂಗುವವನು ನಡೆದು ಬಂದರೆ ಮರ್ಯಾದೆಯಲ್ಲ ಎಂದು ಅವನ ತಲೆಗೆ ಹೊಕ್ಕಿತ್ತು. ಮನೆಯಿಂದ ದಂಡೆಗೆ ಇರುವ ದೂರ ಎಷ್ಟೆಂದರೆ ಕಾರಿನ ಮೂತಿ ದಂಡೆ ಮುಟ್ಟಿದಾಗ ಹಿಂದಿನ ಚಕ್ರ ಇನ್ನೂ ಅಂಗಳದಲ್ಲಿರುತ್ತದೆ. ಅವನು ಓಡಿಸುವ ವೇಗಕ್ಕೆ ಏಡಿಗಳು ಹಾರ್ನ್ ಮಾಡಿ ಮುಂದೆ ಹೋಗುತ್ತವೆ. ಕಾಗೆ ಹೇಲದಿರಲಿ ಎಂದು ಅದರ ಮೇಲೆ ಹಳೆಯ ಬಲೆ ಹೊದಿಸಿಡುತ್ತಿದ್ದ. ದೂರದಿಂದ ನೋಡಿದರೆ ದೊಡ್ಡದೊಂದು ಬಿಳಿ ಮೀನು ಬಲೆಗೆ ಬಿದ್ದ ಹಾಗೆ ಕಾಣುತ್ತಿತ್ತು.

ಅವನ ಹೆಂಡತಿ, ನಮಗೆಲ್ಲ ಅತ್ತಿಗೆಯ ಹಾಗಿರುವ ಸುಮಿತಾ ವಯ್ನಿಗೆ ಮಾತ್ರ ಆ ಕಾರಿನಿಂದ ಸುಖವಿಲ್ಲ. ಅವಳ ಬಲ ಮಂಡಿ ಹೋಗಿತ್ತು. ಬಾವಿಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಮೂರು ಸಲ ಗೋಡೆ ಹಿಡಿಯುತ್ತಿದ್ದಳು. ಹುಬ್ಬಳ್ಳಿಯಲ್ಲಿ ಆಪರೇಶನ್ನಿಗೆ ತಾರೀಖು ಸಿಕ್ಕಿತ್ತು. ದೋಣಿಯಲ್ಲಿದ್ದ ತನ್ನ ಪಾಲನ್ನು ಮಾರಿ ಪುಂಡಲೀಕಣ್ಣ ಅದಕ್ಕೆಂದೇ ದುಡ್ಡು ಬ್ಯಾಂಕಿನಲ್ಲಿಟ್ಟಿದ್ದ. ನಮ್ಮ ಕಡೆ ಎಲ್ಲರೂ ಆ ದುಡ್ಡನ್ನು 'ವಯ್ನಿಯ ಮಂಡಿ' ಎಂದೇ ಕರೆಯುತ್ತಿದ್ದೆವು.

ಆ ಫೋನು ಬಂದದ್ದು ಎರಡು ದೋಣಿಗಳ ನಡುವಿನ ಬಿಡುವಿನಲ್ಲಿ. ಅಲೆಯ ಪಕ್ಕ ನಿಂತು ಕೂಗಿ ಕೂಗಿ ಪುಂಡಲೀಕಣ್ಣನ ಕಿವಿ ಮಂದವಾಗಿದೆ. ಹಾಗಾಗಿ ಯಾವ ಫೋನು ಬಂದರೂ ಸ್ಪೀಕರ್ ಹಾಕಿಯೇ ಮಾತಾಡುತ್ತಾನೆ. ಅವನ ಮನೆಯ ಗುಟ್ಟುಗಳೆಲ್ಲ ನಮಗೆ ಬಾಯಿಪಾಠ.

"ನಮಸ್ಕಾರ ಸರ್, ನಾನು ಪೂರ್ಣಿಮಾ ಮಾತಾಡ್ತಿದೀನಿ, ಕಾರ್ ಕಂಪನಿ ವಾರಂಟಿ ವಿಭಾಗದಿಂದ" ಎಂದಿತು ಒಂದು ಹೆಣ್ಣುಸ್ವರ. ಸ್ವರ ಎಂದರೆ ಸ್ವರವಲ್ಲ, ತುಪ್ಪ. ಅದು ಫೋನಿನಿಂದ ಸುರಿದು ಮರಳಿನ ಮೇಲೆ ಹರಿಯಿತು. "ನಿಮ್ಮದು ಬಿಳಿ ಗಾಡಿ ಅಲ್ವಾ ಸರ್? ಕೆಎ ಮೂವತ್ತು..." ಎಂದು ಪೂರ್ತಿ ನಂಬರು ಹೇಳಿತು.

ಪುಂಡಲೀಕಣ್ಣ ನಮ್ಮ ಕಡೆ ನೋಡಿದ. ಕಂಪನಿಗೇ ತನ್ನ ಪರಿಚಯವಿದೆ ಎನ್ನುವ ನೋಟ ಅದು.

"ನಿಮ್ಮ ವಾರಂಟಿ ಇವತ್ತು ಮುಗೀತಿದೆ ಸರ್. ಸಮುದ್ರದ ಹತ್ರ ಇರೋ ಗಾಡಿ, ಉಪ್ಪಿನ ಗಾಳಿ. ನಾಳೆ ಇಂಜಿನ್ ಹೋದ್ರೆ ಒಂದು ಲಕ್ಷದವರೆಗೆ ನಿಮ್ ಕೈಯಿಂದ. ಇವತ್ತು ರಿನ್ಯೂ ಮಾಡಿದ್ರೆ ಬರೀ ಇಪ್ಪತ್ತೈದು ಸಾವಿರ."

"ಇಪ್ಪತ್ತೈದಾ? ಹನ್ನೆರಡಕ್ಕೆ ಬಿಡು" ಎಂದ ಪುಂಡಲೀಕಣ್ಣ.

ಅಲ್ಲಿಂದ ಮುಂದೆ ನಡೆದದ್ದನ್ನು ನೋಡಲು ಟಿಕೆಟ್ ಇಡಬೇಕಿತ್ತು. ಕ್ರೇಟಿನ ಮೇಲೆ ನಿಂತೇ ಇದ್ದವನಲ್ಲವೇ, ಅಭ್ಯಾಸ. ಹುಡುಗಿ ಇಪ್ಪತ್ತೆರಡು ಎಂದಳು, ಇವನು ಹದಿನಾಲ್ಕು ಎಂದ. ಅವಳು ಇಪ್ಪತ್ತು ಎಂದಳು, ಇವನು ಹದಿನಾರು ಎಂದ. ಹೆಂಗಸರು ಬುಟ್ಟಿ ಬಿಟ್ಟು ಸುತ್ತ ಬಂದು ನಿಂತರು. ಹದಿನೆಂಟಕ್ಕೆ ಬಂದು ನಿಂತಾಗ ಅವಳು, "ಕಾಲ್ ರೆಕಾರ್ಡ್ ಆಗ್ತಿದೆ ಸರ್. ಹದಿನೆಂಟು ಸಾವಿರಕ್ಕೆ ನಿಮ್ಮ ಒಪ್ಪಿಗೆ ಇದೆಯಾ?" ಎಂದಳು.

"ಹೂಂ" ಎಂದ ಪುಂಡಲೀಕಣ್ಣ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಇಡೀ ದಂಡೆಗೆ ಕೇಳುವ ಹಾಗೆ, "ಹದಿನೆಂಟು ಸಾವಿರ. ಒಂದ್ಸಲ, ಎರಡ್ಸಲ, ಮೂರ್ಸಲ. ಹೂಂ ಬಿತ್ತು" ಎಂದು ತಾನೇ ಕೂಗಿದ.

ಅವಳು ಲಿಂಕ್ ಕಳಿಸುತ್ತೇನೆ, ಒತ್ತಿ ಎಂದಳು. ಅಷ್ಟರಲ್ಲಿ ಭಾಸ್ಕರನ ದೋಣಿ ದಡ ಮುಟ್ಟಿತು. ಪುಂಡಲೀಕಣ್ಣ, "ಈಗಾಗುದಿಲ್ಲ ತಂಗಿ, ಮೀನು ಕಾಯುದಿಲ್ಲ. ನಾಳೆ ಇದೇ ಹೊತ್ತಿಗೆ ಮಾಡು" ಎಂದ. ಅವಳು, "ನಿಮಗೋಸ್ಕರ ನಾಳೆವರೆಗೂ ಓಪನ್ ಇಡಿಸ್ತೀನಿ ಸರ್" ಎಂದಳು.

ಫೋನು ಇಟ್ಟ ಕೂಡಲೇ ನಾನು ಬಾಯಿ ತೆರೆದೆ. ಇಷ್ಟು ಹೊತ್ತು ಏಕೆ ತೆರೆಯಲಿಲ್ಲ ಎಂದರೆ, ನಾಟಕದ ನಡುವೆ ಎದ್ದು ನಿಲ್ಲುವ ಅಭ್ಯಾಸ ನನಗಿಲ್ಲ.

"ಪುಂಡಲೀಕಣ್ಣ, ಮುಗೀತು ನಿನ್ ಕತೆ. ಅದು ಕಂಪನಿ ಅಲ್ಲಾ, ಕಳ್ಳರು."

"ನನ್ ಗಾಡಿ ನಂಬರ್ ಹೇಳ್ತಲಾ."

"ನಂಬರು ಗಾಡಿ ಹಿಂದೆ ಬರ್ದದೆ ಮಾರಾಯಾ, ಎಮ್ಮೆನೂ ನೋಡಿ ಹೇಳ್ತದೆ. ಇವತ್ತೇ ಕೊನೇ ದಿನ ಅಂದದ್ದು ನಾಳೆಗೆ ಹೆಂಗೆ ಹೋಯ್ತು? ಕಂಪನಿ ಕೊನೇ ದಿನ ನಿನ್ನ ಭಾಸ್ಕರನ ದೋಣಿ ಕಾಯ್ತದ್ಯಾ? ವಾರಂಟಿಗೆ ಯಾರಾದ್ರೂ ತಾರ್ಲೆಗೆ ಚೌಕಾಸಿ ಮಾಡ್ದಂಗೆ ಮಾಡ್ತ್ರಾ? ಮೊದ್ಲು ಹೆದರ್ಸುದು, ಆಮೇಲೆ ಅರ್ಜೆಂಟ್ ಮಾಡುದು, ಆಮೇಲೆ ಲಿಂಕ್ ಒತ್ತು ಅಂಬುದು. ಲಿಂಕ್ ಒತ್ತಿದ್ಯೋ, ನಿನ್ ಫೋನಿನೊಳಗೆ ಅವರು ಕುಂತ್ರು ಅಂತಲೇ ಲೆಕ್ಕ."

ಅವನ ಮುಖ ಇಳಿಯಿತು. ಆದರೆ ಅವನು ದಡ್ಡನಲ್ಲ. "ಹಂಗಾದ್ರೆ ಬಿಡು. ನಾಳೆ ಫೋನ್ ಎತ್ತುದೇ ಇಲ್ಲಾ" ಎಂದ.

ಸರಿಯಾದ ಮಾತು. ಅಲ್ಲಿಗೆ ಎಲ್ಲವೂ ಮುಗಿದುಹೋಗಬೇಕಿತ್ತು, ನಾವು ಮೀನು ತುಂಬಿಕೊಂಡು ಹೊರಡಬೇಕಿತ್ತು. ಆಗ ಹಿಂದಿನಿಂದ ವೈಜಯಂತಿಯ ಸ್ವರ ಬಂತು. ಮೆಲ್ಲಗೆ. ಮೀನಿನ ಮುಳ್ಳು ತೆಗೆಯುವಷ್ಟು ಮೆಲ್ಲಗೆ.

"ಹೂಂ ಬಿತ್ತಲಾ ಅಣ್ಣಾ."

ಪುಂಡಲೀಕಣ್ಣ ತಿರುಗಿದ. "ಕಳ್ಳರಿಗೆ ಹೇಳಿದ ಹೂಂ ಎಂತಾ ಹೂಂ ವೈಜಯಂತಿ?"

"ಹೌದಾ? ನಂಗೆ ತಾರ್ಲೆ ಕೊಟ್ಟವ ಯಾರಾಗಿದ್ದಾ? ಸಾಧುನಾ?"

ಯಾರೋ ಕಿಸಕ್ಕೆಂದರು.

"ಅದು ಬೇರೆ, ಇದು ಬೇರೆ" ಎಂದ ಅವನು.

"ಬೇರೆ ಅಂದ್ರೆ ಹೇಳ್ಬಿಡು. ನಾಳಿಂದ ನಾನೂ ಬುಟ್ಟಿ ಪೂರ್ತಿ ಮಗುಚಿ ನೋಡಿ, ಕೊಟ್ಟವ ಕಳ್ಳನಾ ಸಾಚಾನಾ ಅಂತ ತೀರ್ಮಾನ ಮಾಡಿ, ಬೇಕಾದ್ರೆ ದುಡ್ಡು ಕೊಡ್ತೆ, ಇಲ್ಲಾ ಅಂದ್ರೆ ಮನೆಗೆ ಹೋಗ್ತೆ. ಎಲ್ರೂ ಹಂಗೇ ಮಾಡ್ತ್ರು. ಹೌದಲ್ದನೇ?" ಎಂದು ಉಳಿದ ಹೆಂಗಸರ ಕಡೆ ತಿರುಗಿದಳು. "ಮರಳ್ ಮೇಲೆ ನಿಂತು ಮೂರ್ಸಲ ಹೇಳ್ದವ ನೀನೇಯಾ. ನಾವ್ಯಾರೂ ಬಾಯಿಗೆ ಕೋಲು ಹಾಕ್ಲಿಲ್ಲಾ."

ಹೆಂಗಸರು ತಲೆಯಾಡಿಸಿದರು. ಒಬ್ಬೊಬ್ಬರ ಹೊಟ್ಟೆಯಲ್ಲೂ ಒಂದೊಂದು ಕೊಳೆತ ಬುಟ್ಟಿ ಇತ್ತು ಎಂದು ಆಗ ಗೊತ್ತಾಯಿತು. ನಾನು ಸುಮ್ಮನಿರಬಹುದಿತ್ತು. ಒಂದು ಚಿಟಿಕೆ ಉಪ್ಪು ಮಾತ್ರ ಹಾಕಿದೆ: "ಅಲ್ಲಾ, ಕಾರವಾರದಲ್ಲಿ ಲಿಲಾವು ಕೂಗೂಕೆ ಬೇರೆ ಜನ ಅದ್ರು. ಬೇಕಾದ್ರೆ ನಾಳೆ ಟೆಂಪೊದಲ್ಲಿ ಒಬ್ಬಂಗೆ ಕರ್ಕಂಡ್ ಬರ್ತೆ."

ಪುಂಡಲೀಕಣ್ಣ ಕ್ರೇಟಿನಿಂದ ಕೆಳಗಿಳಿದ. ಅವನು ಕ್ರೇಟಿನಿಂದ ಇಳಿದಾಗ ಎಷ್ಟು ಗಿಡ್ಡ ಎಂದು ನಾವೆಲ್ಲ ಅವತ್ತೇ ನೋಡಿದ್ದು. ದುಡ್ಡು ಕೊಡದಿದ್ದರೆ ಆ ಕ್ರೇಟು ಹೋಗುತ್ತದೆ; ಕ್ರೇಟು ಹೋದರೆ ಅವನು ಕಿವಿ ಮಂದವಾದ ಒಬ್ಬ ಮುದುಕ, ಇನ್ನೇನೂ ಅಲ್ಲ. ಅದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಮಧ್ಯಾಹ್ನ ಅವನನ್ನೂ ಸುಮಿತಾ ವಯ್ನಿಯನ್ನೂ ಟೆಂಪೊದಲ್ಲಿ ಕೂರಿಸಿಕೊಂಡು ಕಾರವಾರದ ಒಂದು ಶೋರೂಮಿಗೆ ಹೋದೆ. ಕಾರು ಇದೆಯಲ್ಲ ಎಂದರೆ, ಹೆದ್ದಾರಿಯ ಧೂಳು ತಾಗುತ್ತದೆ ಎಂದ. ಶೋರೂಮಿನ ಹುಡುಗ ಟೈ ಕಟ್ಟಿಕೊಂಡಿದ್ದ, ಗಾಡಿಯ ಕಾಗದ ನೋಡಿದ, ನಕ್ಕ.

"ಅಜ್ಜಾ, ಈ ಗಾಡಿದು ವಾರಂಟಿ ಮುಗ್ದು ಐದು ವರ್ಷದ ಮೇಲಾಯ್ತು. ಇಷ್ಟು ಹಳೇ ಗಾಡಿಗೆ ಯಾವ ಕಂಪನಿನೂ ಫೋನ್ ಮಾಡಿ ವಾರಂಟಿ ಮಾರುದಿಲ್ಲಾ. ನಾವು ಫೋನಲ್ಲಿ ಓಟಿಪಿ ಕೇಳುದಿಲ್ಲಾ, ಲಿಂಕ್ ಕಳ್ಸುದಿಲ್ಲಾ. ಅವ್ರು ಮಾಡಿದ್ರೆ ಕಟ್ ಮಾಡಿ. ಅನುಮಾನ ಇದ್ರೆ ಗಾಡಿ ಪುಸ್ತಕದಲ್ಲಿ ಇರು ನಂಬರಿಗೆ ನೀವೇ ಮಾಡಿ ಕೇಳಿ, ಅವ್ರು ಕೊಟ್ಟ ನಂಬರಿಗೆ ಅಲ್ಲಾ. ಮತ್ತೆ ನೆನಪಿಡಿ, ಹದಿನೆಂಟು ಅಂತ ಹೇಳಿ ಹದಿನೆಂಟೇ ತಕಳುದಿಲ್ಲಾ. ಇಡೀ ಖಾತೆ ತೊಳೀತ್ರು. ದುಡ್ಡು ಹೋಯ್ತು ಅಂತಾದ್ರೆ ಅದೇ ನಿಮಿಷ ಸೈಬರ್ ಪೊಲೀಸರ ನಂಬರು ಹತ್ತೊಂಬತ್ತು ಮೂವತ್ತಕ್ಕೆ ಫೋನ್ ಮಾಡಿ, ತಡ ಮಾಡಿದ್ರೆ ಸಿಗುದಿಲ್ಲಾ."

ಇದಕ್ಕಿಂತ ಬಿಡಿಸಿ ಹೇಳಲು ಅವನ ಹತ್ತಿರ ಕಪ್ಪು ಹಲಗೆಯೊಂದು ಇರಬೇಕಿತ್ತು. ವಾಪಸು ಬರುವಾಗ ಟೆಂಪೊದಲ್ಲಿ ಸುಮಿತಾ ವಯ್ನಿ ಕೇಳಿದಳು.

"ಕೇಳಿದ್ರಲಾ ಹುಡ್ಗ ಹೇಳಿದ್ದು?"

"ಕೇಳ್ದೆ."

"ಹಂಗಾದ್ರೆ ನಾಳೆ ಫೋನ್ ಎತ್ತಬೇಡಿ."

ಅವನು ಸಮುದ್ರದ ಕಡೆ ನೋಡುತ್ತಿದ್ದ. "ಹದಿನೆಂಟು ಹೋದ್ರೆ ಹೋಗ್ಲಿ. ಅದು ಕ್ರೇಟಿನ ಬಾಡಿಗೆ ಅಂತ ತಿಳ್ಕ."

ನಾನು, ನನ್ನ ಒಳ್ಳೆಯ ಮನಸ್ಸಿಗೆ ಮಿತಿಯೇ ಇಲ್ಲದ್ದರಿಂದ, "ಕೊಡುದಾದ್ರೆ ಉಳಿದ ದುಡ್ಡು ಇವತ್ತೇ ಬೇರೆ ಖಾತೆಗೆ ಹಾಕು ಪುಂಡಲೀಕಣ್ಣ" ಎಂದೆ.

"ಎಂತಕೆ? ಬಿದ್ದದ್ದು ಹದಿನೆಂಟಕ್ಕೆ. ಅದಕ್ಕಿಂತ ಒಂದ್ರೂಪಾಯಿ ಹೆಚ್ಚು ಅವ್ರು ತಕಳು ಹಾಗಿಲ್ಲಾ."

ನಾನು ನಕ್ಕ ನಗುವಿಗೆ ಟೆಂಪೊ ಹೆದ್ದಾರಿ ಬಿಟ್ಟು ಗದ್ದೆಗೆ ಇಳಿಯುವುದೊಂದು ಬಾಕಿ. ಕಳ್ಳನೂ ಹೂಂಗೆ ಕಟ್ಟುಬೀಳುತ್ತಾನೆ ಎಂದು ನಂಬಿದ ಮನುಷ್ಯ ನಮ್ಮ ದಂಡೆಯ ಹೊರತು ಬೇರೆ ಎಲ್ಲಿ ಸಿಗುತ್ತಾನೆ? ಅವನು ಕೂಗಿದ ದರವನ್ನು ಮೀರಿದ ಜೀವಿಯನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ.

"ನನ್ ಮಂಡಿ ಅದೇ ಖಾತೆಯಲ್ಲದೆ" ಎಂದಳು ಸುಮಿತಾ ವಯ್ನಿ.

"ನಿನ್ ಮಂಡಿಗೆ ಎಂತದೂ ಆಗುದಿಲ್ಲಾ. ಸುಮ್ನೆ ಕುಂತ್ಕ."

ಅವಳು ಬೆಳಂಬಾರ ಬರುವವರೆಗೆ ಎರಡೂ ಕೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡೇ ಇದ್ದಳು, ಯಾರೋ ಎತ್ತಿಕೊಂಡು ಹೋಗುತ್ತಾರೆ ಎನ್ನುವ ಹಾಗೆ.

ಮರುದಿನ ಬೆಳಿಗ್ಗೆ ದಂಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಹೆಚ್ಚು ಜನರಿಗೆ ಹೇಳಿರಲಿಲ್ಲ, ಅಂಕೋಲೆ ತಾಲೂಕಿಗೆ ಮತ್ತು ಕಾರವಾರ ತಾಲೂಕಿನ ಅರ್ಧಕ್ಕೆ ಮಾತ್ರ. ಮಾಜಾಳಿಯಿಂದ ಗೋವಾಕ್ಕೆ ಕೆಲಸಕ್ಕೆ ಹೋಗುವವರು ಅವತ್ತು ರಜೆ ಹಾಕಿ ಈ ಕಡೆಗೆ ಬಂದಿದ್ದರು ಎಂದರೆ ನೀವು ನಂಬುವುದಿಲ್ಲ, ಬಿಡಿ. ಸುಮಿತಾ ವಯ್ನಿಯೂ ಬಂದಿದ್ದಳು. ದೋಣಿಯ ಮುರಿದ ಹುಟ್ಟಿನ ತುಂಡೊಂದನ್ನು ಊರಿಕೊಂಡು ಗುಂಪಿನ ಅಂಚಿನಲ್ಲಿ ನಿಂತಿದ್ದಳು.

ಫೋನು ಬಂತು. ತುಪ್ಪ ಸುರಿಯಿತು. "ಸರ್, ರೆಡಿ ಇದ್ದೀರಾ?"

ಪುಂಡಲೀಕಣ್ಣ ಕ್ರೇಟು ಹತ್ತಿದ. ಒಂದು ಸಲ ನಮ್ಮೆಲ್ಲರ ಮುಖ ನೋಡಿದ. ಬೇಡ ಎನ್ನಲು ಒಂದು ಬಾಯಿ ಸಾಕಿತ್ತು. ವೈಜಯಂತಿ ಸೊಂಟಕ್ಕೆ ಕೈ ಇಟ್ಟು ಕಾಯುತ್ತಿದ್ದಳು. ಭಾಸ್ಕರ ಬಲೆ ಕೊಡವುವವನ ಹಾಗೆ ಬಗ್ಗಿದ. ನಾನು ಆಕಾಶದಲ್ಲಿ ಗಿಡುಗ ಎಷ್ಟಿವೆ ಎಂದು ನೋಡುತ್ತಿದ್ದೆ.

"ಹದಿನೆಂಟು ಸಾವಿರ ಅಲ್ದಾ?" ಎಂದು ಕೇಳಿದ ಅವನು.

"ಹೌದು ಸರ್, ಅಷ್ಟೇ."

"ಮರಳ್ ಮೇಲೆ ನಿಂತು ಹೇಳ್ತೆ. ಹದಿನೆಂಟೇ."

"ಖಂಡಿತಾ ಸರ್. ಲಿಂಕ್ ಒತ್ತಿ. ಈಗ ಒಂದು ನಂಬರ್ ಬಂದಿರತ್ತೆ, ಓದಿ."

ಲಿಂಕ್ ಒತ್ತಿದ. ನಂಬರು ಬಂತು. ಅದನ್ನು ಅವನು ಓದಿದ್ದು ಹೇಗೆ ಗೊತ್ತೇ? ಕೂಗಿದ. ಎದೆ ಮುಂದೆ ಮಾಡಿ, ಬಂಗಡೆಯ ದರ ಕೂಗುವ ಹಾಗೆ, ಒಂದೊಂದೇ ಅಂಕಿಯನ್ನು ಎಳೆದು, ಕೊನೆಯದನ್ನು ಏರಿಸಿ. ಓಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ಹಗಲು ರಾತ್ರಿ ಬಡಿದುಕೊಳ್ಳುತ್ತಾರಲ್ಲ, ಆ ಓಟಿಪಿಯನ್ನು ಅವತ್ತು ಸಮುದ್ರದ ಮೀನುಗಳೂ ಕೇಳಿಸಿಕೊಂಡವು. ಅಷ್ಟು ಚಂದ ಅವನು ಯಾವತ್ತೂ ಕೂಗಿರಲಿಲ್ಲ. ಅದನ್ನು ನಾನು ಒಪ್ಪಬೇಕು.

ಫೋನು ಟಿಂಗ್ ಎಂದಿತು. "ಹೋಯ್ತು ಹದಿನೆಂಟು" ಎಂದ ಪುಂಡಲೀಕಣ್ಣ. ಮುಖದಲ್ಲಿ ಬೆಳಕಿತ್ತು. ವೈಜಯಂತಿಯ ಕಡೆ ನೋಡಿದ; ಅವಳು ಕಣ್ಣು ಕೆಳಗೆ ಮಾಡಿದಳು. ಗೆದ್ದುಬಿಟ್ಟ.

ಟಿಂಗ್. ಇನ್ನೊಂದು. ಮತ್ತೊಂದು. ಅಲೆ ಹಿಂದೆ ಸರಿದಾಗ ಕೇಳಿಸುತ್ತಿತ್ತು, ಬಂದಾಗ ಮುಚ್ಚಿಹೋಗುತ್ತಿತ್ತು.

"ತಂಗಿ, ಹದಿನೆಂಟಕ್ಕೆ ಬಿದ್ದದ್ದು" ಎಂದ ಅವನು ಫೋನಿಗೆ.

"ಹೋಲ್ಡ್ ಮಾಡಿ ಸರ್" ಎಂದಿತು ಸ್ವರ. ಆಮೇಲೆ ಸ್ವರವಿಲ್ಲ.

ಭಾಸ್ಕರ ಓಡಿ ಬಂದು ಫೋನು ಕಸಿದುಕೊಂಡು ಮೆಸೇಜು ಓದಿದ. ಓದುತ್ತ ಹೋದ ಹಾಗೆ ಅವನ ಬಾಯಿ ನಿಧಾನವಾಯಿತು. ಖಾತೆಯಲ್ಲಿ ಉಳಿದದ್ದು ಒಂದು ಕಪ್ ಚಹಾಕ್ಕೆ ಸಾಲದಷ್ಟು. ವಯ್ನಿಯ ಮಂಡಿ ಪೂರ್ತಿ ಹೋಗಿತ್ತು, ಚಿಪ್ಪು ಸಹಿತ.

"ಅಣ್ಣಾ, ಈಗ್ಲೇ ಹತ್ತೊಂಬತ್ತು ಮೂವತ್ತಕ್ಕೆ ಮಾಡಿ. ಈಗ್ ಮಾಡಿದ್ರೆ ದುಡ್ಡು ಹಿಡೀಬಹುದಂತೆ" ಎಂದು ಫೋನು ವಾಪಸು ಅವನ ಕೈಯಲ್ಲಿಟ್ಟ.

ಪುಂಡಲೀಕಣ್ಣ ಫೋನನ್ನು ನೋಡಿದ. ಹೆಬ್ಬೆರಳು ಮೊದಲ ಅಂಕಿಯ ಮೇಲೆ ಹೋಯಿತು. ಅಲ್ಲೇ ನಿಂತಿತು.

ಆಗ ಯಾರಾದರೂ ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟು ಒಳ್ಳೆಯದಿತ್ತು. ಆದರೆ ಒಂದು ಸ್ವರ, "ದೂರು ಕೊಟ್ರೆ ಹೂಂ ವಾಪಸ್ ತಕಂಡಂಗೇ ಅಲ್ದಾ?" ಎಂದು ಕೇಳಿತು. ಯಾರ ಸ್ವರ ಎಂದು ಕೇಳಬೇಡಿ. ಕಾರವಾರದಿಂದ ಅಂಕೋಲೆಯವರೆಗೆ ಅಂಥ ಸಂದರ್ಭಕ್ಕೆ ಅಂಥ ಮಾತು ಹೊಳೆಯುವ ತಲೆ ಒಂದೇ ಇರುವುದು, ಮತ್ತು ಅದು ಟೆಂಪೊ ಓಡಿಸುತ್ತದೆ.

"ಇವ್ರೆ, ಫೋನ್ ಮಾಡಿ" ಎಂದಳು ಸುಮಿತಾ ವಯ್ನಿ ಗುಂಪಿನ ಅಂಚಿನಿಂದ. ಇಷ್ಟು ವರ್ಷಗಳಲ್ಲಿ ದಂಡೆಯ ಮೇಲೆ ಅವಳು ಗಂಡನೊಡನೆ ಆಡಿದ ಮೊದಲ ಮಾತು.

ಪುಂಡಲೀಕಣ್ಣ ಫೋನನ್ನು ಅಂಗಿಯ ಜೇಬಿಗೆ ಹಾಕಿದ.

"ಹೂಂ ಬಿದ್ದದೆ. ಮುಗೀತು" ಎಂದ. ಆಮೇಲೆ ಗಂಟಲು ಸರಿಮಾಡಿಕೊಂಡು, "ಭಾಸ್ಕರಾ, ಮೊದಲ್ನೇ ಬುಟ್ಟಿ ತಾ" ಎಂದ.

ಮೊದಲನೆಯ ಬುಟ್ಟಿ ಬಂಗಡೆಯದು. ಹೊಳೆಯುತ್ತಿತ್ತು, ಕೆಳಗಿನವರೆಗೂ ಒಳ್ಳೆಯದೇ. ಅವನು ಸಾವಿರದಿಂದ ಶುರುಮಾಡಿದ. ಯಾರೂ ಬಾಯಿ ಬಿಡಲಿಲ್ಲ. ಕಳ್ಳನಿಗೆ ಕೊಟ್ಟ ಮಾತನ್ನೂ ಉಳಿಸಿಕೊಂಡವನ ಎದುರು ಇನ್ನು ಯಾವ ಗಂಟಲಿನಿಂದ ಹೂಂ ಎನ್ನುವುದು, ಹೂಂ ಎಂದ ಮೇಲೆ ಹಿಂದೆ ಸರಿಯುವುದು ಹೇಗೆ? ಕಾಯಿಸಿ ಕಾಯಿಸಿ ವೈಜಯಂತಿ ಸಾವಿರದ ಇನ್ನೂರು ಎಂದಳು. ನಾನು ಸಾವಿರದ ಐನೂರು ಎಂದೆ. ಅವನು ನಮ್ಮ ಮೇಲೆ ಕಣ್ಣಿಟ್ಟು ಸುಮ್ಮನೆ ನಿಂತ. ಆ ಸುಮ್ಮನಿರುವಿಕೆಗೇ ದರ ಎರಡು ಸಾವಿರಕ್ಕೆ ಏರಿತು. ಕ್ರೇಟು ಈಗ ಮೊದಲಿಗಿಂತ ಎತ್ತರವಾಗಿತ್ತು.

"ಎರಡು ಲಕ್ಷ" ಎಂದಿತು ಹಿಂದಿನಿಂದ ಒಂದು ಸ್ವರ.

ಜನ ದಾರಿ ಬಿಟ್ಟರು. ಸುಮಿತಾ ವಯ್ನಿ ಹುಟ್ಟಿನ ತುಂಡು ಊರುತ್ತ ಬುಟ್ಟಿಯ ಹತ್ತಿರ ಬಂದು ನಿಂತಳು.

"ನೀ ಮನೆಗೆ ಹೋಗು" ಎಂದ ಪುಂಡಲೀಕಣ್ಣ.

"ಮರಳ್ ಮೇಲೆ ನಿಂತವ್ರು ಯಾರು ಬೇಕಾದ್ರೂ ಕೂಗ್ಬಹುದು. ನೀವೇ ಹೇಳುದಲಾ. ಎರಡು ಲಕ್ಷ. ಹೂಂ."

"ನಿನ್ ಹತ್ರ ಎಲ್ಲದೆ ದುಡ್ಡು?"

"ನನ್ ಹತ್ರ ಇಲ್ಲಾ. ಇವತ್ತು ಬೆಳಿಗ್ಗೆವರೆಗೆ ಇತ್ತು. ಮನೇದು ಗಾಡಿ ಅದೆ, ಎರಡು ಲಕ್ಷ ಕೊಟ್ಟು ತಂದದ್ದು. ಕೂಗಿ."

ಅವನು ಬೆರಳು ಎತ್ತಿದ. ಬೇರೆ ಯಾರಾದರೂ ದರ ಏರಿಸುತ್ತಾರೆಯೇ ಎಂದು ನೋಡಿದನೋ ಏನೋ, ಕಣ್ಣು ನಮ್ಮೆಲ್ಲರ ಮೇಲೆ ಓಡಿತು. ಒಂದು ಬುಟ್ಟಿ ಬಂಗಡೆಗೆ ಎರಡು ಲಕ್ಷದ ಮೇಲೆ ಒಂದು ರೂಪಾಯಿ ಏರಿಸುವವನು ಈ ಭೂಮಿಯಲ್ಲಿ ಎಲ್ಲಿದ್ದಾನೆ?

"ಒಂದ್ಸಲ" ಎಂದ. ಸ್ವರ ದೇವಗಡಕ್ಕೆ ಹೋಗಲಿಲ್ಲ, ಪಕ್ಕದ ದೋಣಿಗೂ ಹೋಗಲಿಲ್ಲ.

"ಎರಡ್ಸಲ."

ಅಲ್ಲಿಗೆ ನಿಂತ. ಎರಡು ಅಲೆ ಬಂದು ಹೋದವು. ಮೂರನೆಯದನ್ನು ಹೇಳದೆ ಇಳಿದುಬಿಟ್ಟರೆ ಕಾರು ಉಳಿಯುತ್ತಿತ್ತು. ಮಂಡಿ ಹೋದದ್ದು ಮಾತ್ರ ಯಾತಕ್ಕೆ ಎಂದು ಆಮೇಲೆ ಯಾರಿಗೂ ಹೇಳಲಿಕ್ಕೆ ಬರುತ್ತಿರಲಿಲ್ಲ.

"ಎರಡ್ಸಲ ಆಯ್ತು ಅಣ್ಣಾ" ಎಂದಳು ವೈಜಯಂತಿ.

"ಮೂರ್ಸಲ. ಹೂಂ ಬಿತ್ತು."

ಭಾಸ್ಕರ ಕೈ ಮುಗಿಯುವ ಹಾಗೆ ಮುಂದೆ ಬಂದ. "ವಯ್ನಿ, ತಮಾಷೆ ಸಾಕು. ಎರಡ್ ಸಾವಿರ ಕೊಡಿ, ಆಮೇಲೆ ಯಾವತ್ತಾದ್ರೂ ಕೊಡಿ, ನಂಗೆ ಗಾಡಿ ಬೇಡಾ."

"ಒಂದ್ರೂಪಾಯಿ ಕಮ್ಮಿ ಕೊಡು ಹಾಗಿಲ್ಲಾ ಭಾಸ್ಕರಾ. ಬೇಕಾದ್ರೆ ಅವ್ರಿಗೆ ಕೇಳು, ದಂಡೆ ಕಾನೂನು ಅವ್ರಿಗೆ ಗೊತ್ತದೆ" ಎಂದು ಅವಳು ಗಂಡನ ಕಡೆ ಕೈ ಚಾಚಿದಳು. "ಕೀಲಿ ಕೊಡಿ."

ಅವನು ಕೀಲಿ ತೆಗೆದು ಕೊಟ್ಟ. ಅವಳು ಅದನ್ನು ಭಾಸ್ಕರನ ಕೈಗೆ ಹಾಕಿದಳು. ಭಾಸ್ಕರ ಅದನ್ನು ಬಿಸಿ ಕೆಂಡದ ಹಾಗೆ ಹಿಡಿದುಕೊಂಡ. ಅವನಿಗೆ ಕಾರು ಓಡಿಸಲೂ ಬರುವುದಿಲ್ಲ.

"ನಾನೂ ನಡೀತೆ. ನೀವೂ ನಡೀರಿ" ಎಂದಳು ಗಂಡನಿಗೆ.

ಬುಟ್ಟಿ ಉಳಿಯಿತು. ಹೂಂ ಬಿದ್ದ ಬುಟ್ಟಿಯನ್ನು ಕೊಂಡ ಮನೆಯವರೇ ಹೊರಬೇಕು. ಆ ಮಂಡಿಯಲ್ಲಿ ಅವಳಿಗೆ ಹೊರಲು ಆಗುವುದಿಲ್ಲ. ಪುಂಡಲೀಕಣ್ಣ ಕ್ರೇಟಿನಿಂದ ಇಳಿದು ಬಗ್ಗಿದ. ಜನ್ಮದಲ್ಲಿ ಮೀನಿನ ಬುಟ್ಟಿ ಮುಟ್ಟಿದವನಲ್ಲ; ಮೊದಲ ಸಲ ಮೊಣಕಾಲಿನವರೆಗೆ ಎತ್ತಿ ಇಳಿಸಿದ, ಎರಡನೆಯ ಸಲ ಎದೆಯವರೆಗೆ. ಯಾರೂ ಕೈ ಹಚ್ಚಲಿಲ್ಲ. ಮೂರನೆಯ ಸಲ ಅದು ತಲೆಯ ಮೇಲೆ ಹೋಗಿ ಕುಳಿತಿತು. ಬಿಳಿ ಅಂಗಿಯ ಮೇಲೆ ಮೀನಿನ ನೀರು ಇಳಿಯಿತು.

ಟೆಂಪೊ ಖಾಲಿಯೇ ನಿಂತಿತ್ತು. ಹತ್ತಿ ಎಂದು ನಾನು ಕರೆಯಲಿಲ್ಲ. ಕರೆದಿದ್ದರೆ ಆ ನಡಿಗೆ ನನಗೆ ನೋಡಲು ಸಿಗುತ್ತಿತ್ತೇ? ಮುಂದೆ ಸುಮಿತಾ ವಯ್ನಿ, ಹಿಂದೆ ಬುಟ್ಟಿ ಹೊತ್ತ ಅವನು. ಕಾರಿನ ದಾರಿ ಬಿಟ್ಟು ಅವಳು ಹಿಡಿದ ಕಾಲುದಾರಿ ಒಬ್ಬರು ಮಾತ್ರ ನಡೆಯುವಷ್ಟು ಅಗಲ, ಎರಡೂ ಕಡೆ ಮುಳ್ಳಿನ ಬೇಲಿ. ಅವಳು ನಾಲ್ಕು ಹೆಜ್ಜೆಗೊಮ್ಮೆ ನಿಂತು ಮಂಡಿ ಒತ್ತಿಕೊಳ್ಳುತ್ತಿದ್ದಳು. ಅವಳು ನಿಂತಾಗಲೆಲ್ಲ, ತಲೆಯ ಮೇಲೆ ಎರಡು ಲಕ್ಷದ ಬಂಗಡೆ ಹೊತ್ತುಕೊಂಡು, ಅವನೂ ಅವಳ ಹಿಂದೆ ನಿಲ್ಲುತ್ತಿದ್ದ.